ಮೂರನೇ ದೋಣಿಯ ಮೂವತ್ತೆರಡನೆಯವರು

ಖಸಬ್ ಬಂದರಿಗೆ ಪ್ರವಾಸಿ ಹಡಗು ಬರುವ ದಿನ ನಾನು ಯಾರ ಹತ್ತಿರವೂ ನೆಟ್ಟಗೆ ಮಾತಾಡುವುದಿಲ್ಲ. ಮನೆಯಿಂದ ಫೋನ್ ಬಂದರೂ ಗದರಿಸಿಯೇ ಇಡುತ್ತೇನೆ. ಹೆಂಡತಿಗೆ ಇದು ಅಭ್ಯಾಸವಾಗಿದೆ. "ಇವತ್ತು ಹಡಗಾ? ಆಯ್ತು ಬಿಡಿ, ನಾಳೆ ಮಾತಾಡುವ" ಎನ್ನುತ್ತಾಳೆ.

ಕೆಲಸ ಹೇಳಿದರೆ ಸಣ್ಣದು. ಒಮಾನಿನ ಉತ್ತರದ ತುದಿಯಲ್ಲಿರುವ ಈ ಊರಿಗೆ ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತದೆ. ಆ ನಡುವೆ ಇಳಿದ ಅತಿಥಿಗಳನ್ನು ಸುತ್ತಾಡಿಸಿ, ಇಳಿದಷ್ಟೇ ಜನರನ್ನು ವಾಪಸು ಹತ್ತಿಸಬೇಕು. ನಮ್ಮ ಆಫೀಸು ಮಸ್ಕತ್ತಿನ ಘಾಲಾದಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ. ಹಡಗಿನ ಹಿಂದಿನ ದಿನ ನಾನು ವಿಮಾನದಲ್ಲಿ ಬಂದು ಬಸ್ಸು, ದೋಣಿ, ಊಟ ಎಲ್ಲ ನೋಡಿಕೊಳ್ಳುತ್ತೇನೆ. ಹೆಚ್ಚಿನವರಿಗೆ ಬೇಕಾದದ್ದು ದೋಣಿ ಪ್ರವಾಸ. ನಮ್ಮ ಮಂಗಳೂರಿನ ಹಳೆಯ ಮಂಜಿಯಂಥ ಮರದ ದೋಣಿ, ಇಲ್ಲಿ ಧೌ ಅನ್ನುತ್ತಾರೆ. ಬೋಳು ಗುಡ್ಡಗಳ ನಡುವೆ ಒಳನುಗ್ಗಿದ ಸಮುದ್ರದಲ್ಲಿ ನಾಲ್ಕು ತಾಸು ಸುತ್ತಿ, ಡಾಲ್ಫಿನ್ ನೋಡಿ, ಟೆಲಿಗ್ರಾಫ್ ದ್ವೀಪದ ಹತ್ತಿರ ಈಜಿ, ಊಟ ಮಾಡಿ ಬರುವುದು.

ಎಣಿಕೆಗೆ ನಾನೇ ಮಾಡಿದ ಒಂದು ಕ್ರಮ ಇದೆ. ಅತಿಥಿಯ ಅಂಗಿಗೆ ದೋಣಿಯ ಬಣ್ಣದ ಸ್ಟಿಕ್ಕರ್. ಜೆಟ್ಟಿಯಲ್ಲಿ ಟಿಕೆಟ್ ತೆಗೆದುಕೊಂಡು ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕುವವನು ನಾನು. ದೋಣಿಯೊಳಗೆ ತಲೆ ಎಣಿಸುವವನು ದೋಣಿಯ ಕೆಲಸದವನು. ಎರಡೂ ಕೂಡಿದರೆ ಮಾತ್ರ ಹಗ್ಗ ಬಿಡುವುದು. ಏಳು ವರ್ಷದಲ್ಲಿ ಒಬ್ಬ ಮನುಷ್ಯ ಹೆಚ್ಚು ಕಡಿಮೆ ಆದದ್ದಿಲ್ಲ. ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಆ ದಿನ ಮೂರನೇ ದೋಣಿಗೆ ಕಿತ್ತಳೆ ಬಣ್ಣ, ಮೂವತ್ತೆರಡು ಜನ. ನಾನು ಫೋನಿನಲ್ಲಿ ಊಟದವನಿಗೆ ಬಯ್ಯುತ್ತಾ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ಅವನು ಕುಂದಾಪುರದವನು, ಹಾಗಾಗಿ ಬೈಗುಳ ಕನ್ನಡದಲ್ಲೇ ನಡೆದಿತ್ತು. ಎದುರಿಗೆ ಟಿಕೆಟ್ ಚಾಚಿದವರು ಮುಖ ಅರಳಿಸಿಕೊಂಡು ನಿಂತರು. ಬಿಳಿ ಟೋಪಿ, ತುಂಬು ತೋಳಿನ ಅಂಗಿ, ಎಪ್ಪತ್ತು ದಾಟಿದ ವಯಸ್ಸು.

"ಕನ್ನಡದವರೇನ್ರಿ? ಛಲೋ ಆತು. ನಾವು ಧಾರವಾಡದವರು. ದನದ ಡಾಕ್ಟರ್ ಇದ್ದೆ, ಈಗ ರಿಟೈರ್ಡ್."

"ಓ, ಬನ್ನಿ ಸರ್. ನಾನು ಉಡುಪಿ ಹತ್ತಿರ. ಅಮ್ಮ ಬರಲಿಲ್ವಾ?"

"ಅಕೀಗೆ ಮೊಣಕಾಲು ನೋವು. ಹಡಗಿನ್ಯಾಗ ಇದ್ದಾಳ. ಅಲ್ಲರೀ, ಇಲ್ಲಿ ಆಡು ಒಣಮೀನು ತಿಂತಾವಂತ, ಖರೇ ಏನು?"

"ಖರೆ ಸರ್. ಪೇಟೆ ಹಿಂದೆ ಕೊಟ್ಟಿಗೆಗಳುಂಟು, ಅಲ್ಲಿ ಬೂತಾಯಿ ಮೀನು ಒಣಗಿಸಿ ಹಾಕ್ತಾರೆ."

ಅವರು ಅದಕ್ಕೆ ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ದೋಣಿಯ ಕಡೆ ಬಗ್ಗಿ ನೋಡಿದರು. ಕುರ್ಚಿ ಇಲ್ಲೇನ್ರಿ ಎಂದು ಕೇಳಿದರು. ಇಲ್ಲ ಸರ್, ಹಾಸು ಹಾಕಿದೆ, ಕೆಳಗೇ ಕೂರುವುದು ಎಂದೆ. ಅಲೆ ಹೆಂಗದ ಅಂದರು. ಸ್ವಲ್ಪ ಗಾಳಿ ಉಂಟು ಅಂದೆ. ಅಷ್ಟರಲ್ಲಿ ಊಟದವನು ಮತ್ತೆ ಫೋನ್ ಮಾಡಿದ. ಅವರು ಒಂದು ಗಳಿಗೆ ನಿಂತು, "ಹಂಗಾದ್ರ ಬರ್ತೇನ್ರಿ" ಎಂದರು. ನಾನು "ಬನ್ನಿ ಸರ್, ಬನ್ನಿ" ಎಂದು, ಪಟ್ಟಿಯಲ್ಲಿ ಅವರ ಹೆಸರಿಗೆ ಗುರುತು ಹಾಕಿ, ಮುಂದಿನವರ ಟಿಕೆಟ್ಟಿಗೆ ಕೈ ಚಾಚಿದೆ.

ದೋಣಿಯ ಕೆಲಸದವನು ಐವತ್ತು ವರ್ಷದ ಬಾಂಗ್ಲಾದೇಶಿ. ಒಳಗಿನಿಂದ ಕೂಗಿದ: "ಬತ್ತೀಸ್." ನನ್ನ ಪಟ್ಟಿಯಲ್ಲೂ ಮೂವತ್ತೆರಡು. ಹಗ್ಗ ಬಿಟ್ಟರು. ಒಂಬತ್ತೂವರೆ.

ಮಧ್ಯಾಹ್ನ ಒಂದೂ ನಲವತ್ತಕ್ಕೆ ಮೂರನೇ ದೋಣಿ ವಾಪಸು ಬಂತು. ಅತಿಥಿಗಳ ಉಸ್ತುವಾರಿಗೆಂದು ಹಡಗಿನಿಂದ ದೋಣಿಯ ಜೊತೆ ಹೋಗಿದ್ದ ಸಿಬ್ಬಂದಿ ಹುಡುಗಿ ಮೊದಲು ಇಳಿದು, ಜೆಟ್ಟಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿದಳು. ಮೂವತ್ತೊಂದು. ನಾನು ಎಲ್ಲರನ್ನೂ ನಿಲ್ಲಿಸಿ ಎಣಿಸಿದೆ. ಮೂವತ್ತೊಂದು. ದೋಣಿಯ ಪಾಯಿಖಾನೆ, ಅಡಿಗೆಯ ಮೂಲೆ, ಮೇಲಿನ ಅಟ್ಟ ಎಲ್ಲ ನೋಡಿ ಬಂದೆ. ಹೆಸರು ಕೂಗಿದೆವು. ಉತ್ತರ ಬಾರದ ಹೆಸರು ಧಾರವಾಡದ ಡಾಕ್ಟರದ್ದು.

ಟೆಲಿಗ್ರಾಫ್ ದ್ವೀಪದ ಹತ್ತಿರ ಮುಕ್ಕಾಲು ಗಂಟೆ ಜನ ನೀರಿಗಿಳಿದಿದ್ದರು. ಅತಿಥಿಗಳಲ್ಲಿ ಒಬ್ಬ ಹೆಂಗಸು, ಟೋಪಿ ಹಾಕಿದ ಮುದುಕರೊಬ್ಬರು ಏಣಿ ಹಿಡಿದು ಇಳಿಯುವುದನ್ನು ನೋಡಿದೆ ಎಂದಳು. ವಾಪಸು ಹತ್ತಿದ್ದು ನೋಡಿದಿರಾ ಎಂದರೆ ಅದನ್ನು ನೋಡಲಿಲ್ಲ ಎಂದಳು.

"ಸಾಬ್, ಬತ್ತೀಸ್ ಹೀ ಥಾ, ಮೈನೇ ಗಿನಾ ಥಾ" ಎಂದು ಬಾಂಗ್ಲಾದವನು ಮತ್ತೆ ಮತ್ತೆ ಹೇಳುತ್ತಿದ್ದ. ನಖುದಾ, ಅಂದರೆ ದೋಣಿಯ ಒಡೆಯ, ಅವನ ಮೇಲೆ ಅರಬ್ಬಿಯಲ್ಲಿ ಹರಿಹಾಯುತ್ತಿದ್ದ. ಈಜಿನ ನಂತರ ಎಣಿಸಲಿಲ್ಲ ಯಾಕೆ ಎಂಬುದು ಅವನ ಪ್ರಶ್ನೆ. ಎಣಿಸಿದ್ದೇನೆ, ಆಗಲೂ ಮೂವತ್ತೆರಡು ಎಂದು ಇವನು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹಡಗಿನ ಭದ್ರತಾ ಅಧಿಕಾರಿ ಬಂದ. ಹಡಗಿನ ಬಾಗಿಲಲ್ಲಿ ಪ್ರತಿಯೊಬ್ಬರ ಕಾರ್ಡನ್ನೂ ಯಂತ್ರ ಓದುತ್ತದೆ. ಡಾಕ್ಟರು ಎಂಟೂ ಐವತ್ತಕ್ಕೆ ಇಳಿದದ್ದು ದಾಖಲಾಗಿತ್ತು, ಹತ್ತಿದ್ದು ಇರಲಿಲ್ಲ. ಕರಾವಳಿ ಪೊಲೀಸರಿಗೆ ಸುದ್ದಿ ಹೋಯಿತು. ಅವರ ದೋಣಿ ಹತ್ತು ನಿಮಿಷದಲ್ಲಿ ಹೊರಟಿತು, ಹಿಂದೆಯೇ ನಮ್ಮ ಮೊದಲನೇ ಧೌ. ನಮ್ಮ ಗೈಡುಗಳಲ್ಲಿ ಈಜು ಬಲ್ಲ ಆರು ಜನರನ್ನು ಎರಡನೇ ಧೌಗೆ ಹತ್ತಿಸಲು ತಯಾರಿ ಮಾಡಿದೆ. ಉತ್ತರದ ಗಾಳಿ ಬೀಸತೊಡಗಿ, ಬಂದರಿನ ಗೋಡೆಯ ಆಚೆ ನೀರು ಬೆಳ್ಳಗೆ ಒಡೆಯುತ್ತಿತ್ತು. ಆ ನೀರಿನಲ್ಲಿ ಆ ವಯಸ್ಸಿನವರು ಎಷ್ಟು ಹೊತ್ತು ಇರಬಲ್ಲರು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಆಗ ಅಧಿಕಾರಿ, ಅವರ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ, ನೀವು ಮೇಲೆ ಬನ್ನಿ ಎಂದ.

ಹಡಗಿನೊಳಗೆ ಕಾರ್ಪೆಟ್ಟು, ತಂಪು, ಎಲ್ಲಿಂದಲೋ ಪಿಯಾನೋ. ನನ್ನ ಉಪ್ಪು ಹಿಡಿದ ಬೂಟಿನ ಗುರುತು ಉದ್ದಕ್ಕೂ ಬೀಳುತ್ತಿತ್ತು. ಲಿಫ್ಟಿನಲ್ಲಿ ಮಾತು ಜೋಡಿಸಿಕೊಂಡೆ, ಒಂದೂ ಕೂಡಲಿಲ್ಲ. ಅಮ್ಮ ಬಾಗಿಲು ತೆಗೆದು ನನ್ನ ಹಿಂದೆ ನೋಡಿದರು. ಗಂಡ ಕಾಣಲಿಲ್ಲ.

"ಅಮ್ಮ, ಡಾಕ್ಟರು ಇನ್ನೂ ಬಂದಿಲ್ಲ. ಹುಡುಕ್ತಾ ಇದ್ದೇವೆ" ಎಂದೆ. ದೋಣಿ ಬಂತು, ಅವರು ಅದರಲ್ಲಿ ಇರಲಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದೆ.

ಅವರು ಮಂಚದ ತುದಿಯಲ್ಲಿ ಕೂತರು. ಅಳಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು, "ಏನರೆ ತಿಂದಾರೇನ್ರಿ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ.

"ಅವರಿಗೆ ಶುಗರ್ ಅದ. ಮುಂಜಾನೆ ಇನ್ಸುಲಿನ್ ಸೂಜಿ ತಗೊಂಡಾರ, ನಾಷ್ಟಾ ಮಾಡಿಲ್ಲ. ದೋಣ್ಯಾಗ ವಾಂತಿ ಆಗ್ತದ, ಖಾಲಿ ಹೊಟ್ಟೀಲೆ ಹೋಗ್ತೇನಿ ಅಂದ್ರು. ಬಡಕೊಂಡೆ ನಾ. ಅವರಿಗೆ ನೀರು ಅಂದ್ರ ಅಂಜಿಕಿ, ಕೆರಿ ದಂಡಿಗೂ ನಿಲ್ಲಂಗಿಲ್ಲ. ದುಡ್ಡು ಕೊಟ್ಟೇವಿ ಅಂತ ಹೊಂಟಿದ್ರು."

"ಈಜು ಬರುವುದಿಲ್ವಾ?"

"ಈಜು ಎಲ್ಲಿಂದ ಬರಬೇಕ್ರಿ."

ಏಣಿ ಹಿಡಿದು ನೀರಿಗಿಳಿದ ಮುದುಕರು ಹಾಗಾದರೆ ಇವರಲ್ಲ. ಇಳಿಯದವರು ಬಿದ್ದಿರಬಹುದು ಎಂಬ ಯೋಚನೆ ಅದರ ಹಿಂದೆಯೇ ಬಂತು. ಇನ್ನು ಅಲ್ಲಿ ನಿಂತು ಪ್ರಯೋಜನವಿರಲಿಲ್ಲ. "ನಾನು ಬರ್ತೇನೆ ಅಮ್ಮ, ತಿಳಿದ ಕೂಡಲೇ ಹೇಳ್ತೇನೆ" ಎಂದೆ.

"ಬರ್ರಿ" ಎಂದರು.

ಬಾಗಿಲು ಮುಚ್ಚಿ ನಾಲ್ಕು ಹೆಜ್ಜೆ ಹಾಕಿರಬಹುದು. ಅಲ್ಲಿಯೇ ನಿಂತುಬಿಟ್ಟೆ. ನಾನು ಬರ್ತೇನೆ ಎಂದಿದ್ದೆ, ಮತ್ತು ಹೋಗುತ್ತಿದ್ದೆ. ಅವರು ಬರ್ರಿ ಎಂದಿದ್ದರು, ಮತ್ತು ನನ್ನನ್ನು ಕಳಿಸಿದ್ದರು.

ಬೆಳಿಗ್ಗೆ ಜೆಟ್ಟಿಯಲ್ಲಿ ಅವರ ಗಂಡ ಹೇಳಿದ್ದೂ ಅದನ್ನೇ. ಕುರ್ಚಿ ಇಲ್ಲ, ಅಲೆ ಇದೆ, ಹಂಗಾದ್ರ ಬರ್ತೇನ್ರಿ. ದೋಣಿ ಬೇಡವೆಂದು ತೀರ್ಮಾನಿಸಿ, ನನಗೆ ಹೇಳಿ ಹೋಗಿದ್ದಾರೆ. ಪಾಪ, ಹೇಳದೆ ಹೋಗಬಾರದು ಎಂಬ ಮರ್ಯಾದೆಯಿಂದ ಹೇಳಿದ್ದಾರೆ. ನಾನು ಬನ್ನಿ ಬನ್ನಿ ಎಂದು ದೋಣಿಗೆ ಕರೆದೆ, ಅವರು ಅದನ್ನು ಬೀಳ್ಕೊಡುಗೆ ಎಂದುಕೊಂಡರು. ನಮ್ಮ ಮನೆಯಲ್ಲಿ ತುಳುವಿನಲ್ಲೂ ಹೊರಡುವಾಗ "ಬರ್ಪೆ" ಎಂದೇ ಹೇಳುವುದು. ಹೋಗುತ್ತೇನೆ ಎಂಬ ಅರ್ಥದ "ಪೋಪೆ" ಎಂದರೆ ನನ್ನ ತಾಯಿ ಬಾಯಿಗೆ ಹೊಡೆಯುತ್ತಿದ್ದರು. ನನ್ನ ಜಾಗದಲ್ಲಿ ಒಬ್ಬ ಫಿಲಿಪೀನ್ಸಿನವನೋ ಒಮಾನಿಯೋ ಇದ್ದಿದ್ದರೆ ಡಾಕ್ಟರು ಇಂಗ್ಲಿಷಿನಲ್ಲಿ ನೋ ಎಂದು ಹೇಳಿ ಹೋಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಕನ್ನಡ ಬಲ್ಲ ನಾನೇ ನಿಂತು ಕೆಡಿಸಿದೆ.

ಹಾಗಾದರೆ ದೋಣಿಯೊಳಗೆ ಮೂವತ್ತೆರಡು ಬಂದದ್ದು ಹೇಗೆ? ಕೆಳಗೆ ಓಡಿ ಬಾಂಗ್ಲಾದವನನ್ನು ಹಿಡಿದೆ. ಎಣಿಸುವಾಗ ಹಡಗಿನ ಹುಡುಗಿ ಎಲ್ಲಿದ್ದಳು? ಒಳಗೆ, ಅತಿಥಿಗಳ ನಡುವೆ ಕೂತಿದ್ದಳು, ಎಲ್ಲರ ಹಾಗೆ ಟೋಪಿ ಕನ್ನಡಕ ಹಾಕಿಕೊಂಡು. ಈಜಿನ ನಂತರವೂ ಅಷ್ಟೇ. ಇಳಿಯುವಾಗ ಅವಳು ಎಣಿಸುವವಳಾಗಿ ಹೊರಗೆ ನಿಂತಳು. ಅಲ್ಲಿ ಒಂದು ಕಡಿಮೆಯಾಯಿತು.

ನಾನು ಅವನಿಗೆ ಹಿಂದಿಯಲ್ಲಿ ನನ್ನ ತಪ್ಪನ್ನು ಹೇಳಿದೆ. ಅವನು ನನ್ನನ್ನೇ ನೋಡುತ್ತಾ, "ಹಮ್ ಭೀ ಐಸಾ ಹೀ ಬೋಲ್ತಾ ಹೈ ಸಾಬ್. ಜಾತೇ ವಕ್ತ್ 'ಆಶಿ' ಬೋಲ್ತಾ ಹೈ. ಆತಾ ಹೂಂ" ಎಂದ. ಅವನ ಬಂಗಾಳಿಯಲ್ಲೂ ಹೊರಡುವವರು ಬರುತ್ತೇನೆ ಎಂದೇ ಹೇಳುವುದು. ಆಗ ನನಗೆ ಅರ್ಧ ಧೈರ್ಯ ಬಂತು. ಇನ್ನರ್ಧ ಬರಲಿಲ್ಲ.

ಯಾಕೆಂದರೆ ಇದೆಲ್ಲ ಒಂದು ಮಾತಿನ ಮೇಲೆ ಕಟ್ಟಿದ ಊಹೆ. ಹುಡುಗಿ ಎಣಿಕೆಯಲ್ಲಿ ಸೇರಿದ್ದಳೋ ಇಲ್ಲವೋ ಅವನಿಗೂ ಖಚಿತವಿರಲಿಲ್ಲ. ಡಾಕ್ಟರು ನಿಜವಾಗಿ ದೋಣಿ ಹತ್ತಿ, ನೀರಿಗೆ ಬಿದ್ದಿದ್ದರೆ? ಆಗ ಈಜು ಬಲ್ಲ ಆ ಆರು ಗೈಡುಗಳನ್ನು ಸಮುದ್ರದಿಂದ ತಪ್ಪಿಸಿ ಊರೊಳಗೆ ಕಳಿಸಿದ ಪಾಪ ನನ್ನದು. ಹತ್ತದೇ ಇದ್ದಿದ್ದರೆ, ಸೂಜಿ ತೆಗೆದುಕೊಂಡ ಮನುಷ್ಯ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಎಲ್ಲೋ ಬಿಸಿಲಿನಲ್ಲಿ ಬಿದ್ದಿದ್ದಾರೆ, ಅವರನ್ನು ಅಲ್ಲಿ ಹುಡುಕುವವರು ಒಬ್ಬರೂ ಇಲ್ಲ. ಗಂಟೆ ಮೂರಾಗುತ್ತಿತ್ತು.

ಘಾಲಾದ ಆಫೀಸಿಗೆ ಫೋನ್ ಮಾಡಿದೆ. ನಮ್ಮ ಮ್ಯಾನೇಜರು ಕಾಸರಗೋಡಿನವರು, ನಿಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡರು.

"ನಿಮಗೆ ಗ್ಯಾರಂಟಿ ಉಂಟಾ?"

"ಇಲ್ಲ."

"ಎಂತದು ಮಾರಾಯ್ರೆ, ಹೆಚ್ಚುಕಮ್ಮಿ ಆದ್ರೆ ನಾನು ಹಡಗಿನವರಿಗೆ ಎಂತ ಹೇಳುದು? ಬರ್ತೇನೆ ಅಂದ್ರೆ ಹೋಗ್ತೇನೆ ಅಂತ ಅರ್ಥ, ಹಾಗಾಗಿ ಸಮುದ್ರದಲ್ಲಿ ಹುಡುಕ್ಲಿಲ್ಲ ಅಂತಲಾ?"

"ಪೊಲೀಸರ ದೋಣಿ ಮತ್ತೆ ನಮ್ಮ ಒಂದು ಧೌ ಹುಡುಕ್ಲಿ. ಎರಡನೇದನ್ನು ನಿಲ್ಲಿಸ್ತೇನೆ. ಆರು ಜನ ಊರಿಗೆ ಹೋಗ್ಲಿ. ಗುರುತು ಹಾಕಿದ್ದು ನಾನು. ನನ್ನ ಹೆಸರು ಹೇಳಿ."

"ಮಾಡಿ" ಎಂದರು.

ಭದ್ರತಾ ಅಧಿಕಾರಿಗೆ ನನ್ನ ಪಟ್ಟಿ ತಪ್ಪು, ಅತಿಥಿ ದೋಣಿ ಹತ್ತಿಲ್ಲ ಎಂದು ನಂಬಿದ್ದೇನೆ ಎಂದು ಹೇಳಿದೆ. ಅವನು ಗಡಿಯಾರ ನೋಡಿ, ಐದಕ್ಕೆ ಹಡಗು ಹೊರಡುತ್ತದೆ, ಬಹಳವೆಂದರೆ ಅರ್ಧ ಗಂಟೆ ಕಾಯಬಹುದು ಎಂದ. ಧೌ ಹತ್ತಿ ಲೈಫ್ ಜಾಕೆಟ್ ಕಟ್ಟಿಕೊಂಡಿದ್ದ ನಮ್ಮ ಹುಡುಗರನ್ನು ಇಳಿಸಿದೆ. ಆ ಧೌನ ನಖುದಾ ಇಂಜಿನ್ ಆರಿಸಿ ನನ್ನತ್ತ ನೋಡಿದ ನೋಟವನ್ನು ಎದುರಿಸಲಾಗಲಿಲ್ಲ.

ಬಂದರಿನಿಂದ ಪೇಟೆಗೆ ಅತಿಥಿಗಳಿಗೆಂದು ಇಡೀ ದಿನ ಪುಕ್ಕಟೆ ಬಸ್ಸು ಓಡುತ್ತದೆ. ಅದರಲ್ಲಿ ಪಟ್ಟಿ ಇಲ್ಲ, ಎಣಿಕೆ ಇಲ್ಲ. ಬಸ್ಸಿನವನು ಪೇಶಾವರದ ಪಠಾಣ. ಕಿತ್ತಳೆ ಸ್ಟಿಕ್ಕರಿನ ಮುದುಕರು ಬಂದಿದ್ದರಾ ಎಂದು ಕೇಳಿದೆ.

"ಹಾಂ ಹಾಂ, ಸುಬಹ್ ಮೇ. ಮೈನೇ ಬೋಲಾ, ಚಾಚಾ, ಆಪ್ ಕಾ ತೋ ಕಿಶ್ತೀ ಹೈ. ಹಂಸ್ ಕೇ ಬೈಠ್ ಗಯಾ."

ನಿಮ್ಮದು ದೋಣಿಯಲ್ಲವೇ ಎಂದು ಇವನು ಕೇಳಿದರೂ ನಕ್ಕು ಬಸ್ಸಿನಲ್ಲೇ ಕೂತಿದ್ದಾರೆ. ಸಮುದ್ರದಲ್ಲಿ ಇಲ್ಲ. ಅಧಿಕಾರಿಗೆ ಫೋನಿನಲ್ಲಿ ಹೇಳಿದೆ. ಆದರೆ ಖುಷಿಪಡಲು ಸಮಯವಿರಲಿಲ್ಲ. ಪಠಾಣ ಅವರನ್ನು ಇಳಿಸಿದ್ದು ಹತ್ತು ಗಂಟೆಗೆ, ಪೇಟೆಯ ಬಾಯಲ್ಲಿ. ಈಗ ಮೂರೂ ಹತ್ತು. ವಾಪಸು ಬಸ್ಸಿಗೆ ಅವರು ಬಂದೇ ಇಲ್ಲ.

ಎಲ್ಲಿ ಹುಡುಕುವುದು ಎಂದು ಗೈಡುಗಳು ಕೇಳಿದಾಗ ನಾಲ್ವರನ್ನು ಕೋಟೆ, ಆಸ್ಪತ್ರೆ, ಸಮುದ್ರ ದಂಡೆ, ಅಂಗಡಿ ಸಾಲುಗಳಿಗೆ ಕಳಿಸಿದೆ. ಇಬ್ಬರನ್ನು ಕರೆದುಕೊಂಡು ನಾನು ಪಠಾಣನ ಬಸ್ಸಿನಲ್ಲಿ ಪೇಟೆ ಹಿಂದಿನ ಆಡಿನ ಕೊಟ್ಟಿಗೆಗಳ ಕಡೆ ಹೊರಟೆ. ದನದ ಡಾಕ್ಟರು ಬೇರೆಲ್ಲಿಗೆ ಹೋಗುತ್ತಾರೆ? ದಾರಿ ಹೇಳಿಕೊಟ್ಟವನೂ ನಾನೇ ಅಲ್ಲವೇ.

ಅಲ್ಲಿ ಒಂದೇ ಒಂದು ಅಂಗಡಿ. ಹೊರಗೆ ಕೂತಿದ್ದ ಒಮಾನಿ ಮುದುಕನಿಗೆ ನನ್ನ ಮುರುಕು ಅರಬ್ಬಿಯಲ್ಲಿ, ಹಿಂದಿ ಶಾಯಿಬ್, ಅಂದರೆ ಇಂಡಿಯಾದ ಮುದುಕರು, ಎಂದು ಕೈಯಿಂದ ಟೋಪಿ ತೋರಿಸಿದೆ. ಅವನು ಎದ್ದೇ ನಿಂತ. "ದಖ್ತೂರ್? ಯಲ್ಲಾ, ಯಲ್ಲಾ" ಎಂದು ಮುಂದೆ ನಡೆದ. ನಾನು ಅವನನ್ನು ದಾಟಿ ಓಡಿದೆ.

ಕೊಟ್ಟಿಗೆ ಖರ್ಜೂರದ ಗರಿಯದು. ಒಳಗೆ ಒಣಮೀನಿನ ವಾಸನೆ. ಡಾಕ್ಟರು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಅಂಗಿಯ ತೋಳು ಮೊಣಕೈ ಮೇಲೆ ಮಡಚಿತ್ತು, ಇಡೀ ಅಂಗಿ ಬೆವರಿನಲ್ಲಿ ಒದ್ದೆಯಾಗಿ ಕಿತ್ತಳೆ ಸ್ಟಿಕ್ಕರ್ ಅರ್ಧ ಕಿತ್ತು ನೇತಾಡುತ್ತಿತ್ತು. ಮುಖಕ್ಕೆ ಬತೂಲಾ ಎಂಬ ಕಪ್ಪು ಮುಸುಕು ಕಟ್ಟಿದ ಮುದುಕಿಯೊಬ್ಬಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಜೇನನ್ನು ಅವರ ಒಸಡಿಗೆ ಸವರುತ್ತಿದ್ದಳು. ನನ್ನನ್ನು ಕಂಡು "ಸುಕ್ಕರ್, ಸುಕ್ಕರ್" ಎಂದಳು. ತೀರಿಕೊಂಡ ಅವಳ ಗಂಡನಿಗೂ ಇದೇ ಕಾಯಿಲೆ ಇತ್ತಂತೆ, ಅಂಗಡಿಯ ಮುದುಕ ಆಮೇಲೆ ಹೇಳಿದ. ಬಿದ್ದು ಸ್ವಲ್ಪ ಹೊತ್ತಾಗಿತ್ತು, ಆಂಬುಲೆನ್ಸಿಗೂ ಹೇಳಿದ್ದರು.

"ಸರ್, ಡಾಕ್ಟ್ರೇ" ಎಂದು ಕರೆದೆ. ಕಣ್ಣು ತೆರೆದರು, ಆದರೆ ಆ ಕಣ್ಣಿನಲ್ಲಿ ನಾನಿರಲಿಲ್ಲ. ನುಂಗುತ್ತಾರೆಂದು ಖಾತ್ರಿಯಾದ ಮೇಲೆ ಪಠಾಣ ತಂದ ಮಾವಿನ ರಸವನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅಷ್ಟರಲ್ಲಿ ಆಂಬುಲೆನ್ಸಿನವರು ಬಂದರು. ಬೆರಳು ಚುಚ್ಚಿ ನೋಡಿ, ಕೈಗೆ ಗ್ಲೂಕೋಸ್ ಏರಿಸಿದರು. ನಾನು ಅವರ ಇನ್ನೊಂದು ಕೈ ಹಿಡಿದು ಕೂತಿದ್ದೆ. ನನ್ನ ತಂದೆಯ ಕೈಯನ್ನೂ ನಾನು ಹಾಗೆ ಹಿಡಿದು ಕೂತವನಲ್ಲ.

ಹತ್ತು ನಿಮಿಷದ ಮೇಲೆ ಆ ಕೈ ನನ್ನ ಕೈಯನ್ನು ಅಮುಕಿತು. ತುಟಿ ಅಲ್ಲಾಡಿತು. ಬಗ್ಗಿ ಕಿವಿಗೊಟ್ಟೆ.

"ಮರಿ ಎದ್ದು ನಿಂತತೇನ್ರಿ?"

ಆಗಲೇ ನಾನು ಮೂಲೆಗೆ ನೋಡಿದ್ದು. ಒಂದು ಕಪ್ಪು ಆಡು, ಅದರ ಕಾಲ ನಡುವೆ ಇನ್ನೂ ಒದ್ದೆ ಆರದ ಮರಿ, ಮೊಲೆಗೆ ಬಾಯಿ ಹಾಕಿ ನಿಂತಿತ್ತು. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಮರಿಯಂತೆ. ಎರಡು ತಾಸು ಒದ್ದಾಡಿ ತೆಗೆದಿದ್ದಾರೆ. ಮುದುಕಿ ಖರ್ಜೂರ, ಕಾಫಿ ತಂದಿಟ್ಟಿದ್ದಳು. ಕೈ ತೊಳೆದು ತಿಂತೇನಿ ಅಂತ ಎದ್ದೆ, ಅಷ್ಟೇ ನೆನಪು ಎಂದರು.

"ನಿಂತಿದೆ ಸರ್" ಎಂದೆ. ನನಗೆ ಅಳು ಬಂತು, ಸಿಟ್ಟೂ ಬಂತು. "ಅಲ್ಲ ಸರ್, ದೋಣಿಗೆ ಬರುವುದಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಹೇಳೇ ಬಂದೆನಲ್ಲರೀ. ನೀವೂ ಬನ್ನಿ ಅಂದ್ರಿ."

ಆಂಬುಲೆನ್ಸಿನ ವೈದ್ಯ ಎರಡನೇ ಸಲ ಬೆರಳು ಚುಚ್ಚಿ, ಹಡಗಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಅಲ್ಲಿಗೇ ಕರೆದೊಯ್ಯಲು ಒಪ್ಪಿದ. ಹಡಗಿನ ಬಾಗಿಲಿಗೆ ಬರುವಾಗ ಐದಕ್ಕೆ ಐದು ನಿಮಿಷ. ಜೆಟ್ಟಿಯಲ್ಲಿ ಬಾಂಗ್ಲಾದವನು ನಿಂತಿದ್ದ. ನಖುದಾ ಅವನ ಹೆಗಲ ಮೇಲೆ ಕೈ ಹಾಕಿದ್ದ.

ಆ ವಾರ ಬರೆದ ವರದಿಯಲ್ಲಿ ನಾನು ಇಂಗ್ಲಿಷಿನಲ್ಲಿ, ಅತಿಥಿಯ ಮಾತನ್ನು ತಪ್ಪಾಗಿ ಕೇಳಿಸಿಕೊಂಡೆ ಎಂದು ಬರೆದೆ. ಅದು ಸರಿಯಲ್ಲ. ಕೇಳಿಸಿದ್ದು ಅಕ್ಷರಶಃ ಸರಿಯಾಗಿಯೇ ಇತ್ತು. ಆದರೆ ಆ ಭಾಷೆಯಲ್ಲಿ ಬೇರೆ ಹೇಗೆ ಬರೆಯುವುದೆಂದು ತಿಳಿಯಲಿಲ್ಲ.

ಆ ಸಂಜೆ ಅಮ್ಮ ಹಡಗಿನ ಕೆಳಗಿನ ಬಾಗಿಲಿಗೇ ಇಳಿದು ಬಂದಿದ್ದರು, ಆ ಮೊಣಕಾಲಿನಲ್ಲಿ. ಗಂಡನನ್ನು ಗಾಲಿಕುರ್ಚಿಯಲ್ಲಿ ಕಂಡು, ಮೊದಲು ಹಣೆ ಮುಟ್ಟಿ ನೋಡಿದರು. ಆಮೇಲೆ ಬಯ್ದರು. "ಎಪ್ಪತ್ತೆರಡು ವರ್ಷಾತು, ಆಡು ಕಂಡ್ರ ಹೆಂಡ್ತಿ ನೆನಪಿರಂಗಿಲ್ಲ ನಿಮಗ." ಬಯ್ಯುತ್ತಲೇ ಅವರ ಅಂಗಿಯ ತೋಳನ್ನು ಬಿಚ್ಚಿ ಗುಂಡಿ ಹಾಕುತ್ತಿದ್ದರು, ಗುಂಡಿ ಕಾಜಿಗೆ ಹೋಗುತ್ತಿರಲಿಲ್ಲ. ನಾನು ಅವರಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ನನ್ನದೇ ತಪ್ಪು ಅಮ್ಮ, ಎಂದೆ. ಅವರು ಗಂಡನ ಕಡೆ ತಿರುಗಿದರು.

"ಇವತ್ತೊಂದಿನ ಹೋಗ್ತೇನಿ ಅನ್ರಿ ಅವರಿಗೆ. ಪಾಪ, ಭಾಳ ಅಂಜ್ಯಾರ."

ಡಾಕ್ಟರು ನನ್ನತ್ತ ನೋಡಿದರು. ಬಾಯಿ ತೆರೆದರು. ತುಟಿ ಆ ಮಾತಿನ ಆಕಾರಕ್ಕೆ ಬಂದು ಅಲ್ಲಿಯೇ ನಿಂತಿತು. ತಲೆಯಲ್ಲಾಡಿಸಿ, "ಆಗಂಗಿಲ್ರಿ. ಬಾಯಿಗೆ ಬರಂಗಿಲ್ಲ" ಎಂದು ಕೈ ಮುಗಿದು, "ಬರ್ತೇನ್ರಿ" ಎಂದರು.

"ಬನ್ನಿ ಸರ್" ಎಂದೆ.

ಕುರ್ಚಿ ಬಾಗಿಲು ದಾಟಿತು. ಯಂತ್ರ ಕಾರ್ಡನ್ನು ಓದಿ ಸದ್ದು ಮಾಡಿತು. ಅವರ ಬಿಳಿ ಟೋಪಿ ಒಳಗಿನ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಪಟ್ಟಿಯ ಕಡೆ ನೋಡಲಿಲ್ಲ.